ಮೆಸ್ತಾ ಎಂಬ ಕೋಟೆಯೂರಿನಲ್ಲಿ ನಾವೇ ನಡೆಯುವುದು: ಓದುಗರ ಪ್ರಶ್ನೆ, ಅಂಕಣಕಾರರ ಉತ್ತರ

ಎರಡು ತಿಂಗಳ ಹಿಂದೆ ಈ ಅಂಕಣದಲ್ಲಿ ಗ್ರೀಸ್ ದೇಶದ ಖಿಯೋಸ್ ದ್ವೀಪದಲ್ಲಿರುವ ಮೆಸ್ತಾ ಎಂಬ ಹಳೆಯ ಊರಿನ ಬಗ್ಗೆ ನಾಲ್ಕು ಸಾಲು ಬರೆದಿದ್ದೆ. ಬಿಳಿ ಗೋಡೆ, ನೀಲಿ ಗುಮ್ಮಟಗಳ ದ್ವೀಪಗಳಷ್ಟೇ ಗ್ರೀಸ್ ಅಲ್ಲ ಎಂದು ಹೇಳುವುದು ಆ ಟಿಪ್ಪಣಿಯ ಉದ್ದೇಶವಾಗಿತ್ತು. ಅದನ್ನು ಓದಿ ಹಲವರು ಪತ್ರ ಬರೆದಿದ್ದಾರೆ. ಅವುಗಳಲ್ಲಿ ಏಳು ಪತ್ರಗಳನ್ನು ಆರಿಸಿಕೊಂಡು, ಈ ಸಂಚಿಕೆಯ ಅಂಕಣವನ್ನು ಪೂರ್ತಿಯಾಗಿ ಆ ಊರಿನ ಕಾಲ್ನಡಿಗೆಗೆ ಮೀಸಲಿಟ್ಟಿದ್ದೇನೆ.

ಪ್ರಶ್ನೆ: ಮೇ ತಿಂಗಳಲ್ಲಿ ನಾನು ಮತ್ತು ನನ್ನ ಪತಿ ಅಥೆನ್ಸಿಗೆ ಹೋಗುವವರಿದ್ದೇವೆ; ಖಿಯೋಸ್ ದ್ವೀಪಕ್ಕೆ ಮೂರು ದಿನ ತೆಗೆದಿಟ್ಟಿದ್ದೇವೆ. ಮೆಸ್ತಾ ದಾರಿ ತಪ್ಪಿಸುವ ಊರು ಎಂದು ತಾವು ಬರೆದಿದ್ದಿರಿ. ಮಾರ್ಗದರ್ಶಿಯ ನೆರವಿಲ್ಲದೆ ನಾವೇ ಸುತ್ತಿ ನೋಡುವುದು ಸಾಧ್ಯವೇ? ಎಲ್ಲಿಂದ ಆರಂಭಿಸಬೇಕು? (ಮೈಸೂರಿನ ಓದುಗರು)

ಉತ್ತರ: ಖಂಡಿತ ಸಾಧ್ಯ. ನನ್ನ ಅಭಿಪ್ರಾಯದಲ್ಲಿ ಮೆಸ್ತಾವನ್ನು ಮೊದಲ ಸಲ ನೋಡುವವರು ಮಾರ್ಗದರ್ಶಿಯ ಹಿಂದೆ ಹೋಗದಿರುವುದೇ ಮೇಲು, ಏಕೆಂದರೆ ಅಪರಿಚಿತನು ದಾರಿ ತಪ್ಪಬೇಕು ಎಂಬ ಲೆಕ್ಕಾಚಾರದಿಂದಲೇ ಕಟ್ಟಿದ ಊರು ಅದು, ಮತ್ತು ಆ ಲೆಕ್ಕಾಚಾರ ದಾರಿ ತಪ್ಪಿದವರಿಗೆ ಮಾತ್ರ ಸರಿಯಾಗಿ ಅರ್ಥವಾಗುತ್ತದೆ. ಆದರೆ ಆರಂಭಿಸುವ ಜಾಗವನ್ನು ಮಾತ್ರ ಎಚ್ಚರದಿಂದ ಆರಿಸಿಕೊಳ್ಳಿ. ಬಂದವರಲ್ಲಿ ಹೆಚ್ಚಿನವರು ಊರ ಹೊರಗೆ ಕಾರು ನಿಲ್ಲಿಸಿ, ನೇರವಾಗಿ ನಡುವಿನ ಚೌಕಕ್ಕೆ ಹೋಗಿ, ಕಾಫಿ ಕುಡಿದು, ಎರಡು ಕಮಾನುಗಳ ಕೆಳಗೆ ಫೋಟೊ ತೆಗೆಸಿಕೊಂಡು ಒಂದು ಗಂಟೆಯೊಳಗೆ ಹೊರಟುಬಿಡುತ್ತಾರೆ. ನೀವು ಹಾಗೆ ಮಾಡಬೇಡಿ. ಒಳಗೆ ಕಾಲಿಡುವ ಮೊದಲು ಊರನ್ನು ಹೊರಗಿನಿಂದ ಒಂದು ಸುತ್ತು ಹಾಕಿ.

ಹಾಗೆ ಸುತ್ತುವಾಗ ಊರಿಗೆ ಪ್ರತ್ಯೇಕವಾದ ಕೋಟೆಗೋಡೆ ಇಲ್ಲವೆಂಬುದು ನಿಮ್ಮ ಗಮನಕ್ಕೆ ಬರುತ್ತದೆ. ಅಂಚಿನ ಮನೆಗಳು ಒಂದಕ್ಕೊಂದು ಅಂಟಿಕೊಂಡು ನಿಂತಿದ್ದು, ಅವುಗಳ ಬೆನ್ನೇ ಊರಿನ ಗೋಡೆ. ಮೂಲದಲ್ಲಿ ಆ ಬೆನ್ನಿಗೆ ಬಾಗಿಲೂ ಇರಲಿಲ್ಲ, ಕಿಟಕಿಯೂ ಇರಲಿಲ್ಲ. ಈಗ ಅಲ್ಲಲ್ಲಿ ಕಾಣುವ ಕಿಟಕಿಗಳು ಕಡಲ್ಗಳ್ಳರ ಭಯ ಹೋದ ಮೇಲೆ ಒಡೆದು ಮಾಡಿಕೊಂಡವು. ಊರಿನ ಆಕಾರ ಸ್ಥೂಲವಾಗಿ ಪಂಚಕೋನ. ಮೂಲೆಗಳಲ್ಲಿ ದುಂಡನೆಯ ಬುರುಜುಗಳಿದ್ದವು. ಇನ್ನೊಂದು ಸಂಗತಿಯನ್ನೂ ಆಗಲೇ ನೋಡಿಕೊಳ್ಳಿ: ಅಲ್ಲಿಂದ ಸಮುದ್ರ ಕಾಣುವುದಿಲ್ಲ. ಬಂದರು ನಾಲ್ಕೈದು ಕಿಲೋಮೀಟರಿನೊಳಗೇ ಇದ್ದರೂ, ಹಡಗಿನಲ್ಲಿ ಬರುವವನ ಕಣ್ಣಿಗೆ ಬೀಳದ ಹಾಗೆ ಊರನ್ನು ತಗ್ಗಿನಲ್ಲಿ ಕೂರಿಸಿದ್ದಾರೆ.

ಇದನ್ನೆಲ್ಲ ಏಕೆ ಮಾಡಿದರು ಎಂಬುದಕ್ಕೆ ಸ್ವಲ್ಪ ಇತಿಹಾಸ ಬೇಕು. 1346ರಲ್ಲಿ ಇಟಲಿಯ ಜಿನೋವಾದವರು ಖಿಯೋಸ್ ದ್ವೀಪವನ್ನು ಬೈಜಾಂಟಿಯಂನಿಂದ, ಅಂದರೆ ಪೂರ್ವ ರೋಮನ್ ಸಾಮ್ರಾಜ್ಯದಿಂದ, ಕಿತ್ತುಕೊಂಡರು. ಅದರ ಆಡಳಿತ ನಡೆಸಿದ್ದು ರಾಜನಲ್ಲ, ದಂಡಯಾತ್ರೆಗೆ ಹಣ ಹೂಡಿದವರು ಸೇರಿ ಕಟ್ಟಿಕೊಂಡ ಮಾವೋನಾ ಎಂಬ ಕಂಪನಿ. ಅದರ ಪಾಲುದಾರರು ಜುಸ್ತಿನಿಯಾನಿ ಎಂಬ ಒಂದೇ ಮನೆತನದ ಹೆಸರನ್ನು ಇಟ್ಟುಕೊಂಡಿದ್ದರು. 1566ರಲ್ಲಿ ಆಟೊಮನ್ ತುರ್ಕರು ಬರುವವರೆಗೆ, ಎರಡು ಶತಮಾನಗಳಿಗೂ ಹೆಚ್ಚು ಕಾಲ ದ್ವೀಪ ಅವರ ಕೈಯಲ್ಲಿತ್ತು. ದ್ವೀಪದ ದಕ್ಷಿಣ ಭಾಗದಲ್ಲಿ ಮಾತ್ರ ಸಿಗುವ ಮಸ್ತಿಖಾ ಎಂಬ ಮರದ ರಾಳ ಅವರ ಮುಖ್ಯ ಆದಾಯವಾಗಿದ್ದು, ಅದನ್ನು ಬೆಳೆಯುವ ಜನರನ್ನು ಇಂಥ ಕೋಟೆಯೂರುಗಳಲ್ಲಿ ಒಟ್ಟುಗೂಡಿಸಿದರು. ಕಡಲ್ಗಳ್ಳರಿಂದ ಜನರನ್ನು ಕಾಯುವುದಕ್ಕಾಗಿ ಈ ಗೋಡೆ ಎಂದು ಸಾಮಾನ್ಯವಾಗಿ ಬರೆಯುತ್ತಾರೆ. ಅದು ನಿಜ, ಆದರೆ ಅರ್ಧ ನಿಜ. ರಾತ್ರಿ ಮುಚ್ಚುವ ಕೆಲವೇ ಬಾಗಿಲುಗಳಿರುವ ಊರಿನಿಂದ ಒಡೆಯನ ಕಣ್ಣು ತಪ್ಪಿಸಿ ಒಂದು ಹಿಡಿ ರಾಳವನ್ನು ಹೊರಗೆ ಸಾಗಿಸುವುದೂ ಕಷ್ಟ. ರಾಳ ಕದ್ದವರಿಗೆ ಆ ಕಾಲದಲ್ಲಿ ಕ್ರೂರವಾದ ಶಿಕ್ಷೆಗಳಿದ್ದವು. ಆ ಗೋಡೆ ಹೊರಗಿನವರನ್ನು ತಡೆಯುತ್ತಿದ್ದಂತೆಯೇ ಒಳಗಿನವರ ಮೇಲೂ ಕಾವಲಿಟ್ಟಿತ್ತು ಎಂಬುದನ್ನು ನೆನಪಿನಲ್ಲಿಟ್ಟುಕೊಂಡು ಒಳಗೆ ಹೋಗಿ.

ಒಳಗೆ ಹೋದ ಮೇಲೆ ನಕ್ಷೆಯನ್ನು ಚೀಲಕ್ಕೆ ಹಾಕಿಬಿಡಿ. ಓಣಿಗಳು ಇಬ್ಬರು ಅಕ್ಕಪಕ್ಕ ನಡೆಯುವಷ್ಟು ಅಗಲ, ಕೆಲವೆಡೆ ಅಷ್ಟೂ ಇಲ್ಲ. ತಲೆಯ ಮೇಲೆ ಕಲ್ಲಿನ ಕಮಾನುಗಳು ಎದುರುಬದುರಿನ ಮನೆಗಳನ್ನು ಒಂದಕ್ಕೊಂದು ಊರುಗೋಲಿನಂತೆ ಹಿಡಿದಿರುತ್ತವೆ. ಭೂಕಂಪದ ನಾಡಿನಲ್ಲಿ ಅದು ಅಗತ್ಯವೂ ಹೌದು. ಕೆಲವು ಕಡೆ ಕಮಾನಿನ ಮೇಲೆಯೇ ಕೋಣೆ ಕಟ್ಟಿದ್ದು, ಬೀದಿ ಒಂದು ಸುರಂಗದಂತೆ ಕತ್ತಲಾಗುತ್ತದೆ. ಸಾಕಷ್ಟು ಓಣಿಗಳು ಯಾರದೋ ಮನೆಯ ಬಾಗಿಲಲ್ಲಿ ಕೊನೆಗೊಳ್ಳುತ್ತವೆ. ದಾಳಿಯ ದಿನ ಶತ್ರು ಕೆಳಗೆ ಹೀಗೆ ತಡಕಾಡುತ್ತಿದ್ದರೆ, ಊರಿನವರು ಒಂದೇ ಎತ್ತರದಲ್ಲಿ ಹಬ್ಬಿದ್ದ ಚಾವಣಿಗಳ ಮೇಲೆ ಓಡಿ ಊರ ನಡುವಿನ ದೊಡ್ಡ ಗೋಪುರವನ್ನು ಸೇರಿಕೊಳ್ಳುತ್ತಿದ್ದರು. ಊರು ಚಿಕ್ಕದಾದ್ದರಿಂದ ನೀವು ಎಷ್ಟೇ ತಪ್ಪಿದರೂ ಹೆಚ್ಚು ಹೊತ್ತಾಗುವ ಮೊದಲು ಒಂದೋ ಊರ ಅಂಚಿಗೆ, ಇಲ್ಲವೇ ನಡುವಿನ ಚೌಕಕ್ಕೆ ಬಂದು ಸೇರುತ್ತೀರಿ.

ಆ ಚೌಕದಲ್ಲಿ ಗೋಪುರವನ್ನು ಹುಡುಕಿದರೆ ಸಿಗುವುದಿಲ್ಲ. ಅದನ್ನು ಕೆಡವಿ, ಅದೇ ಜಾಗದಲ್ಲಿ ಹತ್ತೊಂಬತ್ತನೆಯ ಶತಮಾನದಲ್ಲಿ ದೇವದೂತರ ಹೆಸರಿನ ಮೆಗಾಲೋಸ್ ತಾಕ್ಸಿಯಾರ್ಖಿಸ್ ಎಂಬ ದೊಡ್ಡ ಚರ್ಚನ್ನು ಕಟ್ಟಿದರು. ಊರಿನ ಗಾತ್ರಕ್ಕೆ ಮೀರಿದ ಚರ್ಚು ಅದು. ಆದರೆ ನೀವು ಹೆಚ್ಚು ಸಮಯವನ್ನು ಪಲೇಯೋಸ್ ತಾಕ್ಸಿಯಾರ್ಖಿಸ್ ಎಂಬ ಹಳೆಯ, ಚಿಕ್ಕ ಚರ್ಚಿಗೆ ಕೊಡಿ. ಅದರ ಗರ್ಭಗುಡಿಯ ಮುಂದೆ ನಿಂತಿರುವ ಮರದ ಕೆತ್ತನೆಯ ಪರದೆಯನ್ನು ನೋಡಲು ಕಣ್ಣು ಕತ್ತಲಿಗೆ ಒಗ್ಗಿಕೊಳ್ಳುವವರೆಗೆ ಕಾಯಬೇಕು. ಬಾಗಿಲು ಹಾಕಿದ್ದರೆ ಚೌಕದ ಕಾಫಿ ಅಂಗಡಿಯಲ್ಲಿ ಕೇಳಿ.

ಪ್ರಶ್ನೆ: ನಮ್ಮ ಕಡೆಯ ಹಳೆಯ ಊರುಗಳಲ್ಲೂ ಅಗಸಿ ಬಾಗಿಲು, ಊರ ನಡುವೆ ಹುಡೇವು, ಅಂದರೆ ಕಾವಲು ಬುರುಜು, ಇವೆ. ಬಾಲ್ಯದಲ್ಲಿ ನಾವು ಮಾಳಿಗೆಯಿಂದ ಮಾಳಿಗೆಗೆ ಹಾರಿ ಇಡೀ ಓಣಿ ದಾಟುತ್ತಿದ್ದೆವು. ಮೆಸ್ತಾ ಇದೇ ಬಗೆಯದೇ? (ವಿಜಯಪುರ ಜಿಲ್ಲೆಯ ನಿವೃತ್ತ ಶಿಕ್ಷಕರು)

ಉತ್ತರ: ಗುರುಗಳೇ, ತಮ್ಮ ಪತ್ರವನ್ನು ಓದಿ ಬಹಳ ಸಂತೋಷವಾಯಿತು, ಏಕೆಂದರೆ ಮೆಸ್ತಾದ ಚಾವಣಿಗಳನ್ನು ವಿವರಿಸಲು ನಾನು ಪದ ಹುಡುಕುತ್ತಿದ್ದಾಗ ‘ಮಾಳಿಗೆ’ಯೇ ಸರಿಯಾದ ಪದ ಎನಿಸಿತ್ತು. ಎರಡೂ ಕಡೆಯ ಭಯ ಒಂದೇ ಬಗೆಯದಾದ್ದರಿಂದ ಉಪಾಯಗಳೂ ಹೋಲುತ್ತವೆ. ಅದಕ್ಕಿಂತ ಹೆಚ್ಚಿನ ನಂಟನ್ನು ನಾನು ಹೇಳಲಾರೆ. ಒಂದು ವ್ಯತ್ಯಾಸವಿದೆ. ನಮ್ಮಲ್ಲಿ ಹುಡೇವು, ಅಗಸಿ, ಊರಗೋಡೆಗಳು ಮನೆಗಳಿಂದ ಬೇರೆಯಾಗಿ ನಿಲ್ಲುತ್ತವೆ. ಮೆಸ್ತಾದಲ್ಲಿ ಮನೆಯೇ ಗೋಡೆ. ಅಂಚಿನ ಮನೆಯವನು ತನ್ನ ಬೆನ್ನುಗೋಡೆಯನ್ನು ಕುಸಿಯಲು ಬಿಟ್ಟರೆ ಇಡೀ ಊರಿಗೆ ಬಾಗಿಲು ತೆರೆದಂತೆ.

ಮನೆಯ ಒಳಗಿನ ವ್ಯವಸ್ಥೆಯನ್ನೂ ತಾವು ಬೇಗ ಗುರುತಿಸುತ್ತೀರಿ. ಕಮಾನು ಚಾವಣಿಯ ಕೆಳ ಅಂತಸ್ತು ಕತ್ತೆ, ಹೇಸರಗತ್ತೆ, ಎಣ್ಣೆ, ದ್ರಾಕ್ಷಾರಸ, ಕಾಳುಕಡಿಗಳಿಗೆ. ಜನರ ವಾಸ ಮೇಲಿನ ಅಂತಸ್ತಿನಲ್ಲಿ. ಹೊರಗೋಡೆಗೆ ಕಿಟಕಿ ಇಲ್ಲದ್ದರಿಂದ ಮೇಲಂತಸ್ತಿನ ನಡುವೆ ಆಕಾಶಕ್ಕೆ ತೆರೆದ ಪುಟ್ಟ ಅಂಗಳವೊಂದನ್ನು ಬಿಟ್ಟು, ಅದರಿಂದ ಕೋಣೆಗಳಿಗೆ ಬೆಳಕು, ಗಾಳಿ ತಂದುಕೊಂಡಿದ್ದಾರೆ. ತಮ್ಮ ಕಡೆಯ ಬೆಳಕಿಂಡಿ ಮಾಡುವ ಕೆಲಸವನ್ನೇ ಅದು ದೊಡ್ಡದಾಗಿ ಮಾಡುತ್ತದೆ. ಹುಡೇವಿನಂಥದ್ದನ್ನು ಕಣ್ಣಾರೆ ನೋಡಬೇಕೆಂದರೆ ಮೆಸ್ತಾದಿಂದ ಕೆಲವೇ ಕಿಲೋಮೀಟರ್ ದೂರದ ಒಲಿಂಪಿ ಎಂಬ ಊರಿಗೆ ಹೋಗಬೇಕು. ಅಲ್ಲಿ ನಡುಗೋಪುರ ಇನ್ನೂ ಉಳಿದಿದೆ.

ಪ್ರಶ್ನೆ: ನಮ್ಮದು ಮೂರು ತಲೆಮಾರಿನ ಗ್ರಂಧಿಗೆ ಅಂಗಡಿ. ನಾವು ಮಾರುವ ರೂಮಿ ಮಸ್ತಗಿ ಈ ಊರಿನದೇ ಎಂದು ತಿಳಿದು ಆಶ್ಚರ್ಯವಾಯಿತು. ಅದನ್ನು ಮರದಿಂದ ತೆಗೆಯುವುದನ್ನು ಪ್ರವಾಸಿಗರು ನೋಡಬಹುದೇ? ಯಾವ ತಿಂಗಳು ಹೋಗಬೇಕು? (ಬೆಂಗಳೂರಿನ ಓದುಗರು)

ಉತ್ತರ: ಈ ಅಂಕಣಕ್ಕೆ ಬಂದ ಪತ್ರಗಳಲ್ಲಿ ನನಗೆ ಅತ್ಯಂತ ಪ್ರಿಯವಾದದ್ದು ನಿಮ್ಮದು. ಹೌದು, ಯುನಾನಿ ವೈದ್ಯರು ಹೊಟ್ಟೆಯ ತೊಂದರೆಗಳಿಗೆ ಕೊಡುವ ಜವಾರಿಶ್ ಮಸ್ತಗಿಯಲ್ಲಿರುವ ಮಸ್ತಗಿ ಮೇಲೆ ಹೇಳಿದ ಮಸ್ತಿಖಾ ರಾಳವೇ; ಅದರ ತವರು ಇದೇ ದ್ವೀಪ. ‘ರೂಮಿ’ ಎಂದರೆ ರೂಮ್ ದೇಶದ್ದು. ಅರಬರು, ಪರ್ಷಿಯನ್ನರು ಬೈಜಾಂಟಿಯಂ ಸಾಮ್ರಾಜ್ಯದ ನೆಲವನ್ನು ರೂಮ್ ಎಂದು ಕರೆಯುತ್ತಿದ್ದರು. ಆ ಸಾಮ್ರಾಜ್ಯ ಅಳಿದು ಐದು ಶತಮಾನಗಳು ಕಳೆದರೂ ಅದರ ಹೆಸರು ನಿಮ್ಮ ಅಂಗಡಿಯ ಡಬ್ಬಿಯ ಮೇಲೆ ಉಳಿದಿದೆ. ಕೊಲಂಬಸ್ ಕೂಡ 1493ರ ತನ್ನ ಪತ್ರದಲ್ಲಿ, ಹೊಸದಾಗಿ ಕಂಡ ನಾಡಿನ ಸಂಪತ್ತನ್ನು ಹೊಗಳುವಾಗ, ಅದುವರೆಗೆ ಖಿಯೋಸಿನಲ್ಲಿ ಮಾತ್ರ ಸಿಗುತ್ತಿದ್ದ ವಸ್ತುವೆಂದು ಇದನ್ನು ಹೆಸರಿಸಿದ್ದಾನೆ.

ಮರ ಪಿಸ್ತಾ ಜಾತಿಗೆ ಸೇರಿದ್ದು. ಪೊದೆಯಂತೆ ಗಿಡ್ಡ, ತಿರುಚಿದ ಕಾಂಡ, ವರ್ಷವಿಡೀ ಹಸಿರು. ಬೇಸಿಗೆ ಬರುವ ಹೊತ್ತಿಗೆ ಮರದ ಬುಡವನ್ನು ಗುಡಿಸಿ, ಸಮ ಮಾಡಿ, ಅದರ ಮೇಲೆ ಸುಣ್ಣದ ಬಿಳಿ ಪುಡಿಯನ್ನು ಹರಡುತ್ತಾರೆ. ಜುಲೈ ಮಧ್ಯದ ಹೊತ್ತಿಗೆ ಕಾಂಡಕ್ಕೆ ಚೂಪಾದ ಉಪಕರಣದಿಂದ ಸಣ್ಣ ಸಣ್ಣ ಗೀರುಗಳನ್ನು ಹಾಕಲು ಆರಂಭಿಸುತ್ತಾರೆ. ಈ ಕೆಲಸಕ್ಕೆ ಅವರಿಟ್ಟ ಹೆಸರು ಕೆಂತಿಮಾ, ಅಂದರೆ ಕಸೂತಿ. ನಮ್ಮ ಮಲೆನಾಡಿನಲ್ಲಿ ಹಾಲುಮಡ್ಡಿ ತೆಗೆಯುವುದನ್ನು ಕಂಡವರಿಗೆ ಇದು ಹೊಸದೆನಿಸದು, ಆದರೆ ಇಲ್ಲಿನ ಗೀರು ಅತ್ಯಂತ ಮಿತವಾದದ್ದು. ಅತಿಯಾದರೆ ಮರ ಸೊರಗುತ್ತದೆ. ಗೀರಿನಿಂದ ಒಸರಿದ ರಾಳ ಹನಿಹನಿಯಾಗಿ ಬಿಳಿಯ ನೆಲಕ್ಕೆ ಬಿದ್ದು, ಸುಮಾರು ಎರಡು ಮೂರು ವಾರಗಳಲ್ಲಿ ಗಟ್ಟಿಯಾಗುತ್ತದೆ. ಮೂರನೆಯ ಶತಮಾನದಲ್ಲಿ ಹುತಾತ್ಮರಾದ ಸಂತ ಇಸಿದೋರರಿಗಾಗಿ ಮರಗಳು ಅತ್ತ ಕಣ್ಣೀರು ಇದು ಎಂಬುದು ದ್ವೀಪದ ಜನರ ನಂಬಿಕೆ. ಆದ್ದರಿಂದಲೇ ಹನಿಗಳಿಗೆ ಇಂದಿಗೂ ಕಣ್ಣೀರು ಎಂದೇ ಹೆಸರು.

ಗೀರು ಹಾಕುವುದನ್ನು ನೋಡಬೇಕಿದ್ದರೆ ಜುಲೈ ಕೊನೆ ಅಥವಾ ಆಗಸ್ಟ್‌ನಲ್ಲಿ, ಬಿಸಿಲೇರುವ ಮೊದಲೇ ತೋಟ ತಲುಪಬೇಕು. ಆ ತಿಂಗಳುಗಳ ಸೆಕೆ ನಡಿಗೆಗೆ ಒಳ್ಳೆಯದಲ್ಲ. ನಿಮ್ಮ ವೃತ್ತಿಯವರಿಗೆ ನನ್ನ ಸಲಹೆ ಬೇರೆ: ಅಕ್ಟೋಬರ್ ನಂತರ ಹೋಗಿ. ಆಗ ಸಂಗ್ರಹಿಸಿ ತಂದ ರಾಳವನ್ನು ಜರಡಿಯಾಡಿ, ತೊಳೆದು, ಒಂದೊಂದು ಹರಳಿಗೂ ಅಂಟಿದ ಮಣ್ಣು, ತೊಗಟೆಗಳನ್ನು ಚಿಕ್ಕ ಚಾಕುವಿನಿಂದ ಕೆರೆಯುವ ಕೆಲಸ ಮನೆಗಳಲ್ಲಿ ನಡೆಯುತ್ತದೆ. ಹೆಚ್ಚಾಗಿ ಹೆಂಗಸರೇ ಜೊತೆಗೂಡಿ ಮಾಡುವ ಈ ಕೆಲಸವನ್ನು ನೋಡಿದರೆ, ನೀವು ತಕ್ಕಡಿಯಲ್ಲಿ ಗ್ರಾಂ ಲೆಕ್ಕದಲ್ಲಿ ತೂಗುವ ವಸ್ತುವಿಗೆ ಅಷ್ಟು ಬೆಲೆ ಏಕೆ ಎಂದು ಗಿರಾಕಿಗಳಿಗೆ ಹೇಳಲು ನಿಮಗೆ ಬೇರೆ ಮಾತು ಬೇಕಾಗುವುದಿಲ್ಲ. ಬೆಳೆಗಾರರು 1938ರಿಂದ ತಮ್ಮದೇ ಸಹಕಾರಿ ಸಂಘದ ಮೂಲಕ ರಾಳವನ್ನು ಮಾರುತ್ತಿದ್ದಾರೆ. 2014ರಲ್ಲಿ ಯುನೆಸ್ಕೊ ಈ ಬೇಸಾಯದ ಜ್ಞಾನವನ್ನು ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. 2016ರಲ್ಲಿ ಪಿರ್ಗಿ ಊರಿನ ಸಮೀಪ ತೆರೆದ ಮಸ್ತಿಖಾ ವಸ್ತುಸಂಗ್ರಹಾಲಯದ ಹೊರಗೆ ಮರಗಳನ್ನೂ ಬೆಳೆಸಿದ್ದಾರೆ. ಬೇರೆ ತಿಂಗಳಲ್ಲಿ ಹೋದವರಿಗೆ ಅದೇ ಆಸರೆ. 2012ರ ಆಗಸ್ಟ್‌ನಲ್ಲಿ ಈ ಭಾಗಕ್ಕೆ ಬಿದ್ದ ಕಾಡ್ಗಿಚ್ಚಿನಲ್ಲಿ ಬಹಳಷ್ಟು ಮಸ್ತಿಖಾ ಮರಗಳು ಸುಟ್ಟುಹೋದವು. ತೋಟಗಳ ನಡುವೆ ನಡೆಯುವವರು ಬೆಂಕಿಯ ಕಿಡಿಯೂ ಬೀಳದಂತೆ ಎಚ್ಚರ ವಹಿಸಬೇಕು.

ಪ್ರಶ್ನೆ: ಗೋಡೆಗಳ ಮೇಲೆ ಕಪ್ಪು-ಬಿಳುಪು ರಂಗೋಲಿಯಂಥ ವಿನ್ಯಾಸಗಳಿರುವ ಊರಿನ ಚಿತ್ರವೊಂದನ್ನು ನೋಡಿದೆ. ಅದು ಮೆಸ್ತಾವೇ? ಇವೆರಡನ್ನೂ ಒಂದೇ ದಿನದಲ್ಲಿ ನೋಡಬಹುದೇ? (ದಾವಣಗೆರೆಯ ಓದುಗರು)

ಉತ್ತರ: ನೀವು ನೋಡಿದ್ದು ಪಿರ್ಗಿಯ ಚಿತ್ರ. ಅದು ಮೆಸ್ತಾದಿಂದ ಸುಮಾರು ಹತ್ತು ಕಿಲೋಮೀಟರ್ ದೂರದ, ಇದೇ ಕಾಲದ ಇನ್ನೊಂದು ಮಸ್ತಿಖಾ ಊರು. ರಂಗೋಲಿ ಎಂಬ ನಿಮ್ಮ ಹೋಲಿಕೆ ಚೆನ್ನಾಗಿದೆ, ಆದರೆ ಕೆಲಸದ ಬಗೆ ತದ್ವಿರುದ್ಧ. ರಂಗೋಲಿಯಲ್ಲಿ ಬಿಳಿಯನ್ನು ಮೇಲೆ ಹಾಕುತ್ತೇವೆ; ಇಲ್ಲಿ ಬಿಳಿಯನ್ನು ಕೆರೆದು ತೆಗೆಯುತ್ತಾರೆ. ಕಪ್ಪು ಮರಳು ಬೆರೆಸಿದ ಗಾರೆಯನ್ನು ಗೋಡೆಗೆ ಮೆತ್ತಿ, ಅದರ ಮೇಲೆ ಸುಣ್ಣ ಬಳಿದು, ಅದು ಪೂರ್ತಿ ಒಣಗುವ ಮೊದಲು ತ್ರಿಕೋನ, ವೃತ್ತ, ವಜ್ರಾಕೃತಿಗಳನ್ನು ಗುರುತು ಮಾಡಿ, ಮುಳ್ಳುಚಮಚದಂಥ ಉಪಕರಣದಿಂದ ಬೇಕಾದ ಕಡೆ ಸುಣ್ಣವನ್ನು ಕೆರೆಯುತ್ತಾರೆ. ಅಡಿಯ ಕಪ್ಪು ಕಾಣುತ್ತದೆ. ಕ್ಸಿಸ್ತಾ, ಅಂದರೆ ಕೆರೆದದ್ದು ಎಂದೇ ಅದರ ಹೆಸರು. ಬಾಲ್ಕನಿಯ ತಳಭಾಗವನ್ನೂ ಬಿಡದೆ ಅಲಂಕರಿಸಿದ್ದಾರಾದ್ದರಿಂದ ಕತ್ತೆತ್ತಿ ನಡೆಯಿರಿ. ಬೇಸಿಗೆಯ ಕೊನೆಗೆ ಹೋದರೆ ಅದೇ ಬಾಲ್ಕನಿಗಳಿಂದ ಒಣಗಲು ತೂಗುಬಿಟ್ಟ ಚಿಕ್ಕ ಟೊಮೆಟೊಗಳ ಗೊಂಚಲುಗಳನ್ನೂ ಕಾಣುತ್ತೀರಿ.

ಪಿರ್ಗಿಯ ಚೌಕದ ಪಕ್ಕದಲ್ಲಿ, ಕಮಾನಿನಡಿಯ ಒಂದು ಕಿರುದಾರಿಯಲ್ಲಿ ನುಸುಳಿದರೆ ಅಯಿ ಅಪೋಸ್ತೊಲಿ ಎಂಬ ಇಟ್ಟಿಗೆಯ ಪುಟ್ಟ ಬೈಜಾಂಟೈನ್ ಚರ್ಚು ಸಿಗುತ್ತದೆ. ಯುನೆಸ್ಕೊ ಪಟ್ಟಿಯಲ್ಲಿರುವ ಇದೇ ದ್ವೀಪದ ನೇಯಾ ಮೊನಿ ಮಠದ ಚರ್ಚನ್ನು ಮಾದರಿಯಾಗಿಟ್ಟುಕೊಂಡು ಕಟ್ಟಿದ್ದು ಅದು; ಒಳಗಿನ ಭಿತ್ತಿಚಿತ್ರಗಳು 1665ರವು. ಎಷ್ಟೋ ಜನ ಅದರ ಇರವೇ ತಿಳಿಯದೆ ಹತ್ತು ಹೆಜ್ಜೆ ದೂರದಲ್ಲಿ ಕಾಫಿ ಕುಡಿದು ಹೋಗುತ್ತಾರೆ.

ಒಂದೇ ದಿನದಲ್ಲಿ ಎರಡೂ ಊರುಗಳನ್ನು ನೋಡಬಹುದು, ಆದರೆ ಸಂಜೆ ಮರಳಿ ದ್ವೀಪದ ಮುಖ್ಯ ಪಟ್ಟಣಕ್ಕೆ ಓಡುವ ಯೋಜನೆ ಹಾಕಬೇಡಿ. ಬೆಳಿಗ್ಗೆ ಪಿರ್ಗಿ, ದಾರಿಯಲ್ಲಿ ಒಲಿಂಪಿ, ಇಳಿಹೊತ್ತಿಗೆ ಮೆಸ್ತಾ ತಲುಪಿ ರಾತ್ರಿ ಅಲ್ಲೇ ಉಳಿಯಿರಿ. 1970ರ ದಶಕದಲ್ಲಿ ಗ್ರೀಸಿನ ಪ್ರವಾಸೋದ್ಯಮ ಸಂಸ್ಥೆ ಪಾಳುಬೀಳುತ್ತಿದ್ದ ಸಾಂಪ್ರದಾಯಿಕ ಊರುಗಳ ಮನೆಗಳನ್ನು ದುರಸ್ತಿ ಮಾಡಿಸಿ ಅತಿಥಿಗೃಹಗಳಾಗಿಸುವ ಯೋಜನೆಯನ್ನು ಕೈಗೊಂಡಾಗ ಅದರಲ್ಲಿ ಮೆಸ್ತಾವೂ ಸೇರಿತ್ತು. ಇಂದು ಅಂಥ ಕಲ್ಲಿನ ಮನೆಗಳಲ್ಲಿ ಬಾಡಿಗೆಗೆ ಕೋಣೆಗಳು ಸಿಗುತ್ತವೆ. ಕಾರುಗಳಲ್ಲಿ ಬಂದವರೆಲ್ಲ ಹೋದ ಮೇಲೆ, ಕಮಾನುಗಳ ಕೆಳಗೆ ದೀಪ ಹೊತ್ತಿದಾಗ ನಡೆಯುವ ನಡಿಗೆಗೆ ಹಗಲಿನ ನಡಿಗೆ ಸಮನಲ್ಲ.

ಪ್ರಶ್ನೆ: ನನ್ನ ತಾಯಿಗೆ ಎಪ್ಪತ್ತು ವರ್ಷ, ಮೊಣಕಾಲು ನೋವಿದೆ, ಶುದ್ಧ ಸಸ್ಯಾಹಾರಿ. ಅವರನ್ನು ಕರೆದುಕೊಂಡು ಹೋಗಬಹುದೇ? (ಶಿವಮೊಗ್ಗದ ಓದುಗರು)

ಉತ್ತರ: ಧಾರಾಳವಾಗಿ ಕರೆದೊಯ್ಯಿರಿ. ಬೆಟ್ಟದ ತುದಿಗೆ ಹತ್ತಿಸುವ ಬೇರೆ ದ್ವೀಪದ ಊರುಗಳಿಗೆ ಹೋಲಿಸಿದರೆ ಮೆಸ್ತಾದ ಓಣಿಗಳು ಹೆಚ್ಚುಕಡಿಮೆ ಸಮತಟ್ಟು. ಕಲ್ಲುಹಾಸು ಏರುಪೇರಾಗಿರುವುದರಿಂದ ಹಿಡಿತವಿರುವ ಷೂ ಮತ್ತು ಕೈಗೊಂದು ಊರುಗೋಲು ಇರಲಿ. ತೊಂದರೆ ಇರುವುದು ಬೀದಿಯಲ್ಲಲ್ಲ, ಮನೆಯೊಳಗೆ: ವಾಸದ ಕೋಣೆಗಳು ಮೇಲಂತಸ್ತಿನಲ್ಲಿದ್ದು ಮೆಟ್ಟಿಲುಗಳು ಕಡಿದಾಗಿರುತ್ತವೆ. ಆದ್ದರಿಂದ ಕೋಣೆ ಕಾಯ್ದಿರಿಸುವಾಗಲೇ ಕೆಳ ಅಂತಸ್ತಿನದು ಬೇಕೆಂದು ಬರೆದು ತಿಳಿಸಿ.

ಊಟಕ್ಕೆ ‘ನಿಸ್ತಿಸಿಮೊ’ ಎಂಬ ಒಂದು ಪದವನ್ನು ಕಲಿತುಕೊಳ್ಳಿ. ಆರ್ಥೊಡಾಕ್ಸ್ ಕ್ರೈಸ್ತರು ಉಪವಾಸದ ದಿನಗಳಲ್ಲಿ ಮಾಂಸ, ಹಾಲು, ಮೊಟ್ಟೆ ಬಿಟ್ಟು ಮಾಡುವ ಅಡುಗೆಗೆ ಆ ಹೆಸರು. ಆದರೆ ಸೀಗಡಿ, ಬೊಂಡಾಸು ಮೀನುಗಳಂಥವು ಉಪವಾಸಕ್ಕೆ ನಿಷಿದ್ಧವಲ್ಲವಾದ್ದರಿಂದ ಅವೂ ಬೇಡವೆಂದು ಬಿಡಿಸಿ ಹೇಳಬೇಕು. ಟೊಮೆಟೊ ರಸದಲ್ಲಿ ಬೇಯಿಸಿದ ದೊಡ್ಡ ಬಿಳಿ ಅವರೆಯಂಥ ಗಿಗಾಂತೆಸ್, ಬೇಯಿಸಿದ ಕಾಡುಸೊಪ್ಪಿನ ಹೋರ್ತಾ, ಬೇಳೆಯನ್ನು ನುಣ್ಣಗೆ ಬೇಯಿಸಿದ ಫಾವಾ ನಿಮ್ಮ ತಾಯಿಗೆ ಒಗ್ಗುತ್ತವೆ. ಅನ್ನ ತುಂಬಿದ ಟೊಮೆಟೊ, ದೊಣ್ಣೆಮೆಣಸಿನಕಾಯಿಯ ಗೆಮಿಸ್ತಾಕ್ಕೆ ಕೆಲವರು ಕೊಚ್ಚಿದ ಮಾಂಸವನ್ನೂ ಸೇರಿಸುತ್ತಾರೆ, ಕೇಳಿಯೇ ತಿನ್ನಿ. ಊಟದ ಕೊನೆಗೆ ಬಿಳಿಯ ಮಸ್ತಿಖಾ ಪಾಕವನ್ನು ಚಮಚದಲ್ಲಿ ಮೆತ್ತಿ ತಣ್ಣೀರಿನ ಲೋಟದಲ್ಲಿ ಮುಳುಗಿಸಿ ಕೊಡುತ್ತಾರೆ. ಅದನ್ನು ನೆಕ್ಕಿ, ಮೇಲೆ ಆ ನೀರು ಕುಡಿಯುವುದು ಪದ್ಧತಿ.

ಪ್ರಶ್ನೆ: ಖಿಯೋಸಿನಿಂದ ತುರ್ಕಿ ಕಣ್ಣಳತೆಯಲ್ಲೇ ಇದೆಯಂತೆ. ಒಂದು ದಿನ ಅಲ್ಲಿಗೆ ಹೋಗಿ ಮರಳಿ ಬರಬಹುದೇ? ದ್ವೀಪದಲ್ಲಿ ಬಸ್ಸುಗಳಿವೆಯೇ? (ಮಂಗಳೂರಿನ ಓದುಗರು)

ಉತ್ತರ: ಎದುರು ದಡದ ಚೆಶ್ಮೆಗೆ ದೋಣಿಯಲ್ಲಿ ಒಂದು ಗಂಟೆಯೂ ಬೇಡ, ನಿಜ. ಆದರೆ ಗ್ರೀಸಿಗೆಂದು ಪಡೆದ ನಿಮ್ಮ ಷೆಂಗೆನ್ ವೀಸಾ ಒಂದೇ ಪ್ರವೇಶದ್ದಾಗಿದ್ದರೆ ತುರ್ಕಿಗೆ ಕಾಲಿಟ್ಟ ಮೇಲೆ ಮರಳಿ ಗ್ರೀಸಿಗೆ ಬರಲಾಗುವುದಿಲ್ಲ. ತುರ್ಕಿಗೆ ಬೇರೆಯದೇ ವೀಸಾ ಬೇಕು. ಇವೆರಡನ್ನೂ ಭಾರತದಲ್ಲಿರುವಾಗಲೇ ಸರಿಪಡಿಸಿಕೊಳ್ಳಿ. ದ್ವೀಪಕ್ಕೆ ಅಥೆನ್ಸಿನಿಂದ ವಿಮಾನವಿದೆ, ಪಿರೇಯಸ್ ಬಂದರಿನಿಂದ ರಾತ್ರಿ ಹಡಗೂ ಇದೆ. ಪಟ್ಟಣದಿಂದ ಮೆಸ್ತಾ ಸುಮಾರು 35 ಕಿಲೋಮೀಟರ್. ಬಸ್ಸುಗಳಿವೆ, ಆದರೆ ದಿನಕ್ಕೆ ಕೆಲವೇ ಕೆಲವು. ಹೋಗುವ ಬಸ್ಸಿಗಿಂತ ಮೊದಲು ಮರಳುವ ಬಸ್ಸಿನ ಸಮಯ ನೋಡಿಕೊಳ್ಳಿ. ಕಾರು ಬಾಡಿಗೆಗೆ ಪಡೆಯುವುದಾದರೆ ಇಲ್ಲಿನ ಆರ್‌ಟಿಒ ಕಚೇರಿಯಿಂದ ಅಂತರರಾಷ್ಟ್ರೀಯ ಚಾಲನಾ ಪರವಾನಗಿ ಮಾಡಿಸಿಕೊಂಡು ಹೋಗಿ.

ಪ್ರಶ್ನೆ: ನಾನು ಛಾಯಾಗ್ರಾಹಕ. ಇಂಥ ಊರಿನಲ್ಲಿ ಮನೆಗಳನ್ನು, ಬಾಗಿಲಲ್ಲಿ ಕುಳಿತ ಹಿರಿಯರನ್ನು ಚಿತ್ರಿಸಲು ಅಡ್ಡಿಯಿದೆಯೇ? (ಹುಬ್ಬಳ್ಳಿಯ ಓದುಗರು)

ಉತ್ತರ: ಕಾನೂನಿನ ಮಾತಿಗಿಂತ ಮೊದಲು ಊರಿನ ಮಾತು. ಮೆಸ್ತಾದಲ್ಲಿ ಉಳಿದಿರುವುದು ಕೆಲವು ನೂರು ಜನ. ಅವರಲ್ಲಿ ಅನೇಕರು ಹಿರಿಯರು; ಇಂದಿಗೂ ಮಸ್ತಿಖಾ ಮರಗಳನ್ನು ನೋಡಿಕೊಳ್ಳುವವರು ಅವರ ನಡುವೆಯೇ ಇದ್ದಾರೆ. ಅವರ ಓಣಿ ಎಷ್ಟು ಕಿರಿದೆಂದರೆ ಬೀದಿಯಲ್ಲಿ ನಿಂತವನು ಮನೆಯೊಳಗೇ ನಿಂತಂತೆ. 1822ರಲ್ಲಿ ಆಟೊಮನ್ ಸೈನ್ಯ ಖಿಯೋಸಿನಲ್ಲಿ ನಡೆಸಿದ ಘೋರ ಹತ್ಯಾಕಾಂಡದ ಮೊದಲ ಹಂತದಲ್ಲಿ, ಸುಲ್ತಾನನಿಗೆ ರಾಳ ಒದಗಿಸುತ್ತಿದ್ದ ಈ ಊರುಗಳಿಗೆ ವಿನಾಯಿತಿ ಸಿಕ್ಕಿತ್ತು. 1881ರ ಭೂಕಂಪ ದ್ವೀಪದ ಎಷ್ಟೋ ಊರುಗಳನ್ನು ಕೆಡವಿದಾಗಲೂ ಮೆಸ್ತಾ ತನ್ನ ರೂಪವನ್ನು ಉಳಿಸಿಕೊಂಡಿತು. ಹಾಗೆ ಉಳಿದು ಬಂದ ಊರು ನಮ್ಮ ಕ್ಯಾಮೆರಾಗಳ ಹಾವಳಿಯಿಂದ ಬೇಸತ್ತು ಬಾಗಿಲು ಹಾಕಿಕೊಳ್ಳುವಂತಾಗಬಾರದು ಎಂಬುದು ನನ್ನ ಕಳಕಳಿ.

ಮೊದಲ ಸುತ್ತಿನಲ್ಲಿ ಕ್ಯಾಮೆರಾ ಚೀಲದಲ್ಲೇ ಇರಲಿ. ಎದುರಾದವರಿಗೆಲ್ಲ ಬೆಳಗಿನ ಹೊತ್ತು ‘ಕಲಿಮೇರಾ’, ಸಂಜೆ ‘ಕಲಿಸ್ಪೇರಾ’ ಎನ್ನಿ. ಎರಡನೆಯ ಸುತ್ತಿಗೆ ಅವರೇ ನಿಮ್ಮನ್ನು ಗುರುತಿಸುತ್ತಾರೆ, ಆಗ ಅನುಮತಿ ಕೇಳುವುದು ಸುಲಭ. ಬೇಡವೆಂದರೆ ನಮಸ್ಕರಿಸಿ ಮುಂದೆ ಹೋಗಿ. ತೆರೆದ ಬಾಗಿಲು ಆಹ್ವಾನವಲ್ಲ. ಚರ್ಚಿನೊಳಗೆ ಭುಜ, ಮೊಣಕಾಲು ಮುಚ್ಚುವ ಉಡುಪು ಇರಲಿ, ಫ್ಲ್ಯಾಶ್ ಬೇಡ. ಮಧ್ಯಾಹ್ನ ಎರಡರಿಂದ ಐದರವರೆಗೆ ಊರು ಮಲಗುತ್ತದೆ, ಕಮಾನುಗಳ ಕೆಳಗೆ ಪಿಸುಮಾತೂ ಗುಂಯ್‌ಗುಡುತ್ತದೆ. ಆ ಹೊತ್ತಿನಲ್ಲಿ ಓಣಿಗಳನ್ನು ಅವರ ಪಾಡಿಗೆ ಬಿಟ್ಟು ಕೆಳಗಿನ ಲಿಮೇನಾಸ್ ಬಂದರಿಗೆ ಹೋಗಿ, ಬಿಸಿಲು ಇಳಿದ ಮೇಲೆ ಮರಳಿ ಬನ್ನಿ.